ಬಗ್ಗಿದಾಗಲೂ ಸರಿ ಕೂರಬೇಕು: ಹಾಸನದಲ್ಲಿ ಸ್ಕ್ರಬ್ಸ್, ಏಪ್ರನ್ ಹೊಲಿದ ನನ್ನ ಅನುಭವ

ನನ್ನ ನಾದಿನಿ ಹಾಸನದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಡ್ಯೂಟಿ ಮುಗಿಸಿ ಮನೆಗೆ ಬಂದಾಗ ಅವಳ ಸ್ಕ್ರಬ್ಸ್‌ನ, ಅಂದರೆ ಡ್ಯೂಟಿಗೆ ಹಾಕುವ ಸಡಿಲ ಟಾಪು-ಪ್ಯಾಂಟಿನ, ಕುತ್ತಿಗೆ ಹತ್ತಿರ ಯಾವಾಗಲೂ ಒಂದು ಪಿನ್ನು ಇರುತ್ತಿತ್ತು. ಒಂದಿನ ಯಾಕೆ ಅಂತ ಕೇಳಿದೆ. "ಅತ್ತಿಗೆ, ಪೇಷಂಟಿಗೆ ಐವಿ ಹಾಕೋಕೆ ಬಗ್ಗಿದ್ರೆ ಕುತ್ತಿಗೆ ಪೂರ್ತಿ ತೆರ್ಕೊಳ್ಳುತ್ತೆ. ನಾವೆಲ್ಲ ಹೀಗೇ ಪಿನ್ ಹಾಕ್ಕೋತೀವಿ. ಇಲ್ಲಾಂದ್ರೆ ಒಳಗೆ ಇನ್ನೊಂದು ಟೀ ಶರ್ಟು" ಅಂದಳು.

ನಾನಾಗ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಒಂಬತ್ತು ವರ್ಷದಿಂದ ಹೊರದೇಶಕ್ಕೆ ಹೋಗುವ ಶರ್ಟಿಗೆ ಕಾಲರ್ ಕೂರಿಸುತ್ತಿದ್ದೆ. ಹೊಲಿಗೆ ಗೊತ್ತಿರುವವಳು ಮನೆಯಲ್ಲೇ ಇದ್ದು, ನಮ್ಮ ಹುಡುಗಿ ಪಿನ್ ಹಾಕಿಕೊಂಡು ಕೆಲಸ ಮಾಡೋದು ನನಗೆ ಸಂಕಟ ಆಯ್ತು. ಆ ಭಾನುವಾರ ಅವಳನ್ನು ಮಂಚದ ಪಕ್ಕ ನಿಲ್ಲಿಸಿದೆ. ದಿಂಬನ್ನೇ ಪೇಷಂಟ್ ಅಂದುಕೊಂಡು ರಕ್ತ ತೆಗಿ, ಡ್ರಿಪ್ ಬಾಟಲಿ ನೇತುಹಾಕು, ಮಂಚದ ಕೆಳಗಿನ ಯೂರಿನ್ ಬ್ಯಾಗ್ ನೋಡು ಅಂದೆ. ಅವಳು ಮಾಡುತ್ತಾ ಹೋದಳು, ನಾನು ಟೇಪು ಹಿಡಿದು ನೋಡುತ್ತಾ ಹೋದೆ.

ಬಗ್ಗಿದಾಗ ಕುತ್ತಿಗೆ ಮುಂದಕ್ಕೆ ಜೋತು ಬಿತ್ತು. ಕೈ ಎತ್ತಿದಾಗ ಟಾಪ್ ಮೇಲೆ ಹೋಗಿ ಸೊಂಟ ಕಾಣಿಸಿತು. ಕುಕ್ಕರಗಾಲಲ್ಲಿ ಕೂತಾಗ ಪ್ಯಾಂಟು ಹಿಂದೆ ಕೆಳಗಿಳಿಯಿತು. ಎದೆಯ ಜೇಬಿನಿಂದ ಪೆನ್ನು ಜಾರಿ ದಿಂಬಿನ ಮೇಲೆ ಬಿತ್ತು. ಸುಮ್ಮನೆ ನಿಂತಿದ್ದಾಗ ಮಾತ್ರ ಆ ಬಟ್ಟೆಯಲ್ಲಿ ಒಂದು ತಪ್ಪೂ ಇರಲಿಲ್ಲ. ನಾವು ಟೈಲರ್‌ಗಳು ಅಳತೆ ತೆಗೆಯೋದು ನಿಂತವರದ್ದು, ನರ್ಸ್ ನಿಲ್ಲೋದು ಎಷ್ಟು ಹೊತ್ತು? ಅವತ್ತಿನಿಂದ ನನ್ನ ಕಟಿಂಗ್ ಟೇಬಲ್ಲಿನ ನಿಯಮ ಇದೇ. ಹೊಸ ಪ್ಯಾಟರ್ನ್ ಯಾವುದೇ ಇರಲಿ, ಹಾಕಿಕೊಂಡವರು ಬಗ್ಗಿ, ಕೈ ಎತ್ತಿ, ಕೂತು ತೋರಿಸಿದ ಮೇಲೇ ಅದು ಪಾಸು.

ಗಂಡಸರ ಅಳತೆಯನ್ನೇ ಚಿಕ್ಕದು ಮಾಡಿ ಎಲ್ಲರಿಗೂ ಆಗುತ್ತೆ ಅಂತ ಮಾರೋದರಿಂದಲೇ ಅರ್ಧ ತೊಂದರೆ. ನಾನು ಹೆಂಗಸರಿಗೆ ಬೇರೆ ಪ್ಯಾಟರ್ನ್ ಕತ್ತರಿಸಿದೆ. ವಿ ಕುತ್ತಿಗೆಯ ಆಳ ಏಳು ಇಂಚು ಇತ್ತು, ಐದೂವರೆಗೆ ತಂದೆ. ವಿ ಸೇರುವ ಜಾಗದಲ್ಲಿ ಒಂದರ ಮೇಲೊಂದು ಬರುವಂತೆ ಒಂದಿಂಚು ಪಟ್ಟಿ ಕೊಟ್ಟೆ. ಹಿಂಭಾಗ ಒಂದೂವರೆ ಇಂಚು ಉದ್ದ ಮಾಡಿದೆ. ಬೆನ್ನಿನ ಎರಡೂ ಕಡೆ ಒಂದೊಂದು ಮಡಿಕೆ ಇಟ್ಟೆ, ಕೈ ಮುಂದೆ ಚಾಚಿದಾಗ ಅದು ಬಿಚ್ಚಿಕೊಳ್ಳುತ್ತೆ. ಎದೆ ಜೇಬು ತೆಗೆದು ಕೆಳಗೆ ಎರಡು ದೊಡ್ಡ ಜೇಬು, ಅದರೊಳಗೆ ಪೆನ್ನು, ಟಾರ್ಚು, ಮೈಕ್ರೋಪೋರ್ ಟೇಪಿಗೆ ಸಣ್ಣ ಖಾನೆಗಳು. ನಾದಿನಿ ಅದನ್ನು ಹಾಕಿಕೊಂಡು ಹೋದಳು. ಆ ವಾರವೇ ಅವಳ ವಾರ್ಡಿನಿಂದ ಆರು ಸೆಟ್ ಆರ್ಡರ್ ಬಂತು.

ಕೆಲಸ ಬಿಟ್ಟೆ. ಪಿಎಫ್ ದುಡ್ಡಿನ ಜೊತೆ ಮುದ್ರಾ ಯೋಜನೆಯ ಕಿಶೋರ ವಿಭಾಗದಲ್ಲಿ 1.8 ಲಕ್ಷ ಸಾಲ ತೆಗೆದುಕೊಂಡು ಎರಡು ಜೂಕಿ ಹೊಲಿಗೆ ಮಷೀನು, ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಒಂದು ಓವರ್‌ಲಾಕ್ ಹಾಕಿದೆ. ಮೂರೂ ಸೆಕೆಂಡ್ ಹ್ಯಾಂಡ್. ಜೊತೆಗೆ ಫ್ಯಾಕ್ಟರಿಯ ಇಬ್ಬರು ಗೆಳತಿಯರು ಬಂದರು.

ಮೊದಲ ದೊಡ್ಡ ಆರ್ಡರ್ ಏಪ್ರನ್. ಲ್ಯಾಬ್ ಕೋಟ್‌ಗೆ ನಮ್ಮ ಕಡೆ ಮೆಡಿಕಲ್ ಸ್ಟೂಡೆಂಟ್ಸ್ ಹೇಳೋದೇ ಏಪ್ರನ್ ಅಂತ. ಫಸ್ಟ್ ಇಯರ್ ಹುಡುಗರಿಗೆ ನಲವತ್ತು ಪೀಸು, ಪೂರ್ತಿ ಕಾಟನ್. ಬಟ್ಟೆ ಬಂತು, ಕತ್ತರಿಸಿದೆ, ಹೊಲಿದೆ, ಇಸ್ತ್ರಿ ಮಾಡಿ ಕೊಟ್ಟೆ. ಹದಿನೈದು ದಿನ ಆಗಿರಲಿಲ್ಲ, ಒಬ್ಬ ಹುಡುಗ ಅಂಗಡಿಗೆ ಬಂದು ಕೈ ಚಾಚಿ ತೋರಿಸಿದ. "ಅಕ್ಕಾ, ಎರಡು ಸಲ ಒಗೆದೆ ಅಷ್ಟೇ." 23 ಇಂಚಿನ ತೋಳು 22ಕ್ಕಿಂತ ಕಮ್ಮಿ ಆಗಿತ್ತು. ಕಾಟನ್ ನೂರಕ್ಕೆ ಐದರಷ್ಟು ಕುಗ್ಗಿದರೆ ಅಷ್ಟು ಹೋಗೇ ಹೋಗುತ್ತೆ. ಬಟ್ಟೆ ಕೊಟ್ಟವರು ಕುಗ್ಗಲ್ಲ ಅಂದಿದ್ದರು, ನಾನು ಪರೀಕ್ಷೆ ಮಾಡದೆ ನಂಬಿದ್ದೆ. ನಲವತ್ತನ್ನೂ ವಾಪಸ್ ಕರೆಸಿದೆ. ತೋಳಿನ ತುದಿಗೆ ಅಗಲದ ಪಟ್ಟಿ ಸೇರಿಸಿ ಕೊಟ್ಟೆ. ದುಡ್ಡು ಕೇಳಲಿಲ್ಲ. ಆ ತಿಂಗಳು ಗೆಳತಿಯರಿಗೆ ಸಂಬಳ ಕೊಡೋಕೆ ನನ್ನ ಬಳೆ ಅಡ ಇಟ್ಟೆ.

ಈಗ ಬಟ್ಟೆಯ ಯಾವ ತಾನು (ಇಡೀ ಸುರುಳಿ) ಬಂದರೂ ಮೊದಲು ಒಂದು ತುಂಡು ಕತ್ತರಿಸಿ, ಅದರ ಮೇಲೆ ಅಳಿಸದ ಪೆನ್ನಿನಲ್ಲಿ 50 ಸೆಂಟಿಮೀಟರ್ ಚೌಕ ಬರೆಯುತ್ತೇನೆ. ಬಿಸಿನೀರಲ್ಲಿ ಐದು ಸಲ ಒಗೆದು ಒಣಗಿಸಿ ಅಳೆಯುತ್ತೇನೆ. 49 ಬಂದರೆ ಪರವಾಗಿಲ್ಲ, ಪ್ಯಾಟರ್ನ್‌ನಲ್ಲಿ ಅಷ್ಟು ಸೇರಿಸಿಕೊಳ್ಳಬಹುದು. 48 ಬಂದರೆ ಇಡೀ ತಾನನ್ನೇ ನೆನೆಸಿ ಒಣಗಿಸಿದ ಮೇಲೆ ಕತ್ತರಿಸೋದು. ಉದ್ದ ಮತ್ತು ಅಡ್ಡ ಬೇರೆ ಬೇರೆ ಅಳೆಯಬೇಕು, ಎರಡೂ ಒಂದೇ ಸಮ ಕುಗ್ಗಲ್ಲ. ಬಣ್ಣದ ಬಟ್ಟೆಯಾದರೆ ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡುತ್ತೇನೆ. ದಾರವೂ ಅಷ್ಟೇ ಮುಖ್ಯ. ಕಾಟನ್ ದಾರ ಕುಗ್ಗಿದರೆ ಹೊಲಿಗೆ ಸುಕ್ಕಾಗುತ್ತೆ, ಅದಕ್ಕೇ ನಾನು ಬಳಸೋದು ಸ್ಪನ್ ಪಾಲಿಯೆಸ್ಟರ್.

ಬಟ್ಟೆ ಯಾವುದು ಅಂತ ಕೇಳುವವರು ಜಾಸ್ತಿ. ನಾನು ಅವರನ್ನು ಮೊದಲು ಕೇಳೋದು, "ಇದನ್ನ ಒಗೆಯೋರು ಯಾರು?" ಈ ಪ್ರಶ್ನೆಯನ್ನೂ ಪೆಟ್ಟು ತಿಂದೇ ಕಲಿತೆ. ಲೈಕ್ರಾ ಸೇರಿದ ಬಟ್ಟೆ ಎಳೆದರೆ ಹಿಗ್ಗುತ್ತೆ, ಮೈಗೆ ಹಿತ. ಪಾಲಿಯೆಸ್ಟರ್, ವಿಸ್ಕೋಸ್, ಜೊತೆಗೆ ಸ್ವಲ್ಪ ಲೈಕ್ರಾ. ಒಂದು ನರ್ಸಿಂಗ್ ಹೋಮಿಗೆ ಇಪ್ಪತ್ತು ಸೆಟ್ ಅದರಲ್ಲೇ ಕೊಟ್ಟೆ. ಅಲ್ಲಿ ಬಟ್ಟೆ ಒಗೆಯೋದು ಅವರ ಲಾಂಡ್ರಿಯಲ್ಲಿ, ಹೈಪೋದಲ್ಲಿ ನೆನೆಸಿ. ಹೈಪೋ ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಅದರ ಕ್ಲೋರಿನ್ ಲೈಕ್ರಾವನ್ನು ತಿಂದುಬಿಡುತ್ತೆ. ಮೂರು ತಿಂಗಳಲ್ಲಿ ಪ್ಯಾಂಟಿನ ಮೊಣಕಾಲು ಜೋಲು ಬಿದ್ದು ಚೀಲದ ಥರ ಆಗಿತ್ತು. ಅವರದ್ದೇನೂ ತಪ್ಪಿಲ್ಲ, ಆಸ್ಪತ್ರೆ ಬಟ್ಟೆಯನ್ನು ಕ್ರಿಮಿ ಸಾಯುವ ಹಾಗೆ ಒಗೆಯಲೇಬೇಕು. ಈಗ ಲಾಂಡ್ರಿಗೆ ಹೋಗುವ ಬಟ್ಟೆಗೆ ಲೈಕ್ರಾ ಇಲ್ಲದ 65:35 ಪಾಲಿ-ಕಾಟನ್ (65 ಪಾಲು ಪಾಲಿಯೆಸ್ಟರ್, 35 ಪಾಲು ಕಾಟನ್), ಸೊಂಟಕ್ಕೆ ಎಲಾಸ್ಟಿಕ್ ಬದಲು ಲಾಡಿ. ಆ ಲಾಡಿ ಮಷೀನಲ್ಲಿ ಕಿತ್ತು ಹೋಗದ ಹಾಗೆ ಸೊಂಟದ ಹಿಂಭಾಗದ ಮಧ್ಯ ಒಂದು ಹೊಲಿಗೆ. ಮನೆಯಲ್ಲಿ ಒಗೆದುಕೊಳ್ಳುವವರಿಗೆ ಮಾತ್ರ ಲೈಕ್ರಾ.

ಇನ್ನು ಸಕಲೇಶಪುರ, ಮೂಡಿಗೆರೆ ಕಡೆಯ ಗಿರಾಕಿಗಳು. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಬಟ್ಟೆ ಒಣಗೋದೇ ಕಷ್ಟ. ಸಕಲೇಶಪುರದ ಒಬ್ಬ ಸಿಸ್ಟರ್ ಫೋನ್ ಮಾಡಿ, "ಬಚ್ಚಲ ಒಲೆ ಮೇಲೆ ಹಾಕಿ ಒಣಗಿಸ್ತೀನಿ ಅಕ್ಕ, ಡ್ಯೂಟಿಗೆ ಹೋದ್ರೆ ಹೊಗೆ ವಾಸನೆ" ಅಂತ ಬೇಜಾರು ಮಾಡಿಕೊಂಡರು. ಅವರಿಗೆ ಕೊಟ್ಟಿದ್ದು ದಪ್ಪದ ಕಾಟನ್. ಬದಲಿಗೆ 150 ಜಿಎಸ್‌ಎಂನ, ಅಂದರೆ ಒಂದು ಚದರ ಮೀಟರಿಗೆ 150 ಗ್ರಾಂ ತೂಗುವ, ತೆಳು ಪಾಲಿ-ಕಾಟನ್ ಹೊಲಿದುಕೊಟ್ಟೆ. ಪಾಲಿಯೆಸ್ಟರ್ ನೀರು ಹಿಡಿದಿಟ್ಟುಕೊಳ್ಳಲ್ಲ, ರಾತ್ರಿ ಫ್ಯಾನಿನ ಕೆಳಗೆ ಹಾಕಿದರೆ ಬೆಳಿಗ್ಗೆಗೆ ಹಾಕಿಕೊಳ್ಳಬಹುದು. ಹಾಸನದಿಂದ ಸಕಲೇಶಪುರ ನಲವತ್ತೇ ಕಿಲೋಮೀಟರ್, ಆದರೂ ಬಟ್ಟೆ ಬೇರೆಯೇ ಬೇಕು.

ಲ್ಯಾಬಿನವರಿಗೆ ಮಾತ್ರ ನಾನು ಪಾಲಿಯೆಸ್ಟರ್ ಕೊಡಲ್ಲ. ಎಷ್ಟು ಕೇಳಿದರೂ ಇಲ್ಲ. ಸ್ಪಿರಿಟ್ ಲ್ಯಾಂಪು, ಬರ್ನರ್ ಹತ್ತಿರ ಕೆಲಸ ಮಾಡುವವರು ಅವರು. ಕಾಟನ್‌ಗೂ ಬೆಂಕಿ ಹತ್ತುತ್ತೆ, ಆದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತೆ. ಹಾಗಾಗಿ ಅವರಿಗೆ 200 ಜಿಎಸ್‌ಎಂನ ಕಾಟನ್ ಡ್ರಿಲ್ ಅನ್ನುವ ಗಟ್ಟಿ ಬಟ್ಟೆ, ಉದ್ದ ತೋಳು, ಗ್ಲೌಸ್ ಒಳಗೆ ಸಿಕ್ಕಿಸೋಕೆ ಆಗುವ ಹಾಗೆ ಹೆಣೆದ ಕಫ್. ಗುಂಡಿ ಬದಲು ಟಿಚ್ ಬಟನ್. ಮೈಮೇಲೆ ಆಸಿಡ್ ಚೆಲ್ಲಿದಾಗ ಒಂದೊಂದೇ ಗುಂಡಿ ಬಿಚ್ಚುತ್ತಾ ಕೂರೋಕಾಗುತ್ತಾ? ಎರಡೂ ಕೈಯಲ್ಲಿ ಎಳೆದರೆ ಒಂದೇ ಏಟಿಗೆ ತೆರೆಯಬೇಕು.

ಸೀರೆ ಮೇಲೆ ಏಪ್ರನ್ ಹಾಕುವ ಮೇಡಂಗಳದ್ದು ಬೇರೆಯೇ ಕಥೆ. ಒಬ್ಬ ಲೆಕ್ಚರರ್ ಮೇಡಂಗೆ ಮೂರು ಸಲ ಸರಿ ಮಾಡಿದರೂ ಎಡಗೈ ಬಿಗಿಯುತ್ತಿತ್ತು. ನಾಲ್ಕನೇ ಸಲ, "ಮೇಡಂ, ನೀವು ಕಾಲೇಜಿಗೆ ಉಡೋ ಸೀರೆ ಉಟ್ಕೊಂಡೇ ಬನ್ನಿ" ಅಂದೆ. ಬಂದರು. ಎಡಭುಜದ ಮೇಲೆ ಸೆರಗಿನ ಮಡಿಕೆ, ಪಿನ್ನು. ಆ ಭುಜ ಬಲಕ್ಕಿಂತ ಅರ್ಧ ಇಂಚು ಎತ್ತರ. ಹೊಟ್ಟೆಯ ಹತ್ತಿರ ನೆರಿಗೆಯ ದಪ್ಪ. ಬೆನ್ನ ಹಿಂದೆ ಸೆರಗು ಇಳಿಯೋಕೆ ಜಾಗ ಇಲ್ಲದೆ ಮುದುರಿಕೊಂಡಿತ್ತು. ಅವರಿಗೆ ಎಡ ಕಂಕುಳನ್ನು ಮುಕ್ಕಾಲು ಇಂಚು ಇಳಿಸಿ, ಹಿಂದಿನ ಸೀಳನ್ನು ಸೊಂಟದವರೆಗೆ ಏರಿಸಿ ಕತ್ತರಿಸಿದೆ. ಆ ಪ್ಯಾಟರ್ನ್ ಕಾಗದದ ಮೇಲೆ ದಪ್ಪಕ್ಷರದಲ್ಲಿ 'ಸೀರೆ' ಅಂತ ಬರೆದು ಗೋಡೆಗೆ ನೇತುಹಾಕಿದ್ದೇನೆ. ಈಗ ಆಯುರ್ವೇದದವರು, ನರ್ಸಿಂಗ್ ಕಾಲೇಜಿನವರು ಅದನ್ನೇ ಕೇಳಿಕೊಂಡು ಬರುತ್ತಾರೆ.

ಬಣ್ಣದ ವಿಷಯ ನನಗೆ ಹೇಳಿಕೊಟ್ಟವರು ಒಬ್ಬ ಅನಸ್ತೇಶಿಯಾ ಡಾಕ್ಟರು. ಮುಂಚೆ ಆಪರೇಷನ್ ಥಿಯೇಟರಿನಲ್ಲೂ ಬಿಳಿಯೇ ಇತ್ತಂತೆ. 1914ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಹ್ಯಾರಿ ಶೆರ್ಮನ್ ಅನ್ನುವ ಸರ್ಜನ್ ಹಸಿರು ಬಳಸಿದರು. ತುಂಬಾ ಹೊತ್ತು ರಕ್ತ ನೋಡಿ ತಲೆ ಎತ್ತಿ ಬಿಳಿ ಕಡೆ ನೋಡಿದರೆ ಕಣ್ಣ ಮುಂದೆ ಹಸಿರು ನೆರಳು ಕುಣಿಯುತ್ತೆ. ಹಸಿರು ಅಥವಾ ನೀಲಿ ನೋಡಿದರೆ ಕಣ್ಣಿಗೆ ಆರಾಮ. ಅದಕ್ಕೇ ಒಟಿಗೆ ಅಂತ ಕೇಳಿದರೆ ನಾನು ತೋರಿಸೋದು ಆ ಎರಡೇ. ಒಂದೇ ಬಣ್ಣದ ಎರಡು ತಾನು ಬಂದರೆ ಟಾಪು ಒಂದರಲ್ಲಿ, ಪ್ಯಾಂಟು ಇನ್ನೊಂದರಲ್ಲಿ ಕತ್ತರಿಸಬಾರದು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡರೂ ಬಿಸಿಲಿಗೆ ಹೋದರೆ ಬೇರೆ ಕಾಣುತ್ತೆ.

ಹೆಸರು ಹಾಕಿಸುವವರಲ್ಲಿ ಕನ್ನಡದಲ್ಲೇ ಬೇಕು ಅನ್ನುವವರು ಈಗ ಜಾಸ್ತಿ ಆಗಿದ್ದಾರೆ. ಹಳ್ಳಿಯಿಂದ ಬಂದ ಅಜ್ಜಿ ಎದೆ ಮೇಲಿನ ಹೆಸರು ಓದಿ ಕರೆದಾಗ ಎಷ್ಟು ಖುಷಿ ಆಯ್ತು ಅಂತ ಒಬ್ಬ ಹೌಸ್ ಸರ್ಜನ್ ಹೇಳಿದಳು. ಆದರೆ ಕಸೂತಿ ಮಷೀನಿಗೆ ಒತ್ತಕ್ಷರ ಕಷ್ಟ. ಮೊದಲ ಸಲ 'ಲಕ್ಷ್ಮಿ' ಹಾಕಿಸಿದಾಗ ಕೆಳಗಿನ ಒತ್ತುಗಳೆಲ್ಲ ದಾರದ ಗಂಟಾಗಿ ಕೂತಿದ್ದವು. ಈಗ ಅಕ್ಷರದ ಎತ್ತರ 10 ಮಿಲಿಮೀಟರಿಗಿಂತ ಕಮ್ಮಿ ಮಾಡಲ್ಲ, ತೆಳು ದಾರ ಹಾಕಿಸುತ್ತೇನೆ. ಹೆಸರನ್ನು ಟೈಪ್ ಮಾಡಿ ಕಳಿಸದೆ ಚಿತ್ರ ಮಾಡಿ ಕಳಿಸುತ್ತೇನೆ. ಇಲ್ಲಾಂದ್ರೆ ಸಾಫ್ಟ್‌ವೇರ್ ಒತ್ತಕ್ಷರ ಒಡೆದು ಪಕ್ಕಕ್ಕೆ ಇಟ್ಟುಬಿಡುತ್ತೆ.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಶುರು ಮಾಡುವವರಿಗೆ ಬೇಕಾಗುತ್ತೆ. 58 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಮೀಡಿಯಂ ಸೆಟ್ಟಿಗೆ ನನಗೆ ಎರಡೂ ಮುಕ್ಕಾಲು ಮೀಟರ್ ಬೇಕು. ಮೀಟರಿಗೆ 170ರಂತೆ 468 ರೂಪಾಯಿ. ಹೊಲಿಗೆ 140, ಕಟಿಂಗ್ 30, ದಾರ, ಲಾಡಿ, ಲೇಬಲ್ 35, ಇಸ್ತ್ರಿ ಮತ್ತು ಪ್ಯಾಕಿಂಗ್ 20. ಒಟ್ಟು 693. ಬಾಡಿಗೆ, ಕರೆಂಟು, ಸಾಲದ ಕಂತು ಇದರ ಮೇಲೆ. ಮಾರೋದು 1,050ಕ್ಕೆ. ಮುಂಚೆ 1,000 ದಾಟಿದ ಉಡುಪಿಗೆ 12% ಜಿಎಸ್‌ಟಿ ಇತ್ತು, ಅದಕ್ಕೆ 990ಕ್ಕೇ ನಿಲ್ಲಿಸಿಕೊಂಡು ಒದ್ದಾಡುತ್ತಿದ್ದೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗೆ 5% ಆದ ಮೇಲೆ ಉಸಿರಾಡುವಂತಾಯಿತು. ಆಸ್ಪತ್ರೆಗಳಿಗೆ ಸಾಲದ ಮೇಲೆ ಬಟ್ಟೆ ಕೊಡುವಾಗ ಬಿಲ್ಲಿನ ಮೇಲೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ನಂಬರ್ ಹಾಕಿ. ನಮ್ಮಂಥ ಸಣ್ಣವರಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾನೂನೇ ಇದೆ. ಒಂದು ಕಡೆ ನನ್ನ ದುಡ್ಡು ಐದು ತಿಂಗಳು ನಿಂತಿತ್ತು. ಆಮೇಲೆ ಅರ್ಧ ಮುಂಗಡ ಇಲ್ಲದೆ ಕತ್ತರಿ ಹಿಡಿಯಲ್ಲ.

ಮಾರಾಟಕ್ಕೆ ನಾನು ದೊಡ್ಡದೇನೂ ಮಾಡಿಲ್ಲ. ಮಧ್ಯಾಹ್ನ ಎರಡಕ್ಕೆ ಶಿಫ್ಟ್ ಬದಲಾಗುವಾಗ ಕ್ಯಾಂಟೀನ್ ಹತ್ತಿರ ಹೋಗಿ ನಿಲ್ಲುತ್ತಿದ್ದೆ, ಅಷ್ಟೇ. ಹಾಸ್ಟೆಲಿಗೆ ಆರು ಸೈಜಿನ ಸ್ಯಾಂಪಲ್ ತೆಗೆದುಕೊಂಡು ಹೋಗುತ್ತೇನೆ. ವಾಟ್ಸಾಪಿನಲ್ಲಿ ಸೈಜು ಕೇಳಿದರೆ ಎಲ್ಲರೂ ಅಂದಾಜಿನಲ್ಲಿ ಬರೆದು ಕಳಿಸುತ್ತಾರೆ, ಹಾಕಿ ನೋಡಿದರೇ ಗೊತ್ತಾಗೋದು. ದೂರದವರಿಗೆ ಕೆಎಸ್ಆರ್‌ಟಿಸಿಯ ನಮ್ಮ ಕಾರ್ಗೋದಲ್ಲಿ ಕಳಿಸುತ್ತೇನೆ. ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ಮಾತ್ರ ಹೊಸ ಆರ್ಡರ್ ತೆಗೆದುಕೊಳ್ಳಲ್ಲ. ಊರೆಲ್ಲ ಜನ, ನಮ್ಮ ಮನೆಗಳಿಗೂ ನೆಂಟರು.

ಪ್ರತಿ ಸೆಟ್ಟಿನ ಜೊತೆ ಕನ್ನಡದಲ್ಲಿ ಒಂದು ಚೀಟಿ ಇಡುತ್ತೇನೆ. ರಕ್ತದ ಕಲೆಗೆ ಮೊದಲು ತಣ್ಣೀರು, ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತೆ. ಮನೆಯವರ ಬಟ್ಟೆ ಜೊತೆ ಒಗೆಯಬೇಡಿ. ಕೊನೆಯ ಸಾಲು, ಇದು ಡ್ಯೂಟಿ ಬಟ್ಟೆ ಮಾತ್ರ, ಸೋಂಕು ತಡೆಯುವ ಗೌನ್ ಬೇರೆ. ಕ್ರಿಮಿ ಕೊಲ್ಲುವ ಬಟ್ಟೆ ಅಂತ ಒಬ್ಬ ವ್ಯಾಪಾರಿ ಮೀಟರಿಗೆ 40 ರೂಪಾಯಿ ಜಾಸ್ತಿ ಹೇಳಿದ್ದ. ಲ್ಯಾಬ್ ರಿಪೋರ್ಟ್ ಕೊಡಿ ಅಂದೆ, ಕೊಡಲಿಲ್ಲ. ಗೊತ್ತಿಲ್ಲದ್ದನ್ನು ಲೇಬಲ್ ಮೇಲೆ ಬರೆದು ನರ್ಸ್‌ಗಳಿಗೆ ಮಾರೋಕೆ ನನಗೆ ಮನಸ್ಸಾಗಲ್ಲ.

ಈಗ ಟೇಬಲ್ ಮೇಲೆ ಇರೋದು ಬಸುರಿಯರ ಪ್ಯಾಟರ್ನ್. ಆರು ತಿಂಗಳಾದ ಒಬ್ಬ ಸಿಸ್ಟರ್ ಬಂದಿದ್ದರು. ಎರಡು ಸೈಜು ದೊಡ್ಡದು ಹಾಕಿಕೊಂಡಿದ್ದರಿಂದ ಭುಜ ಜಾರುತ್ತಿತ್ತು, ಪ್ಯಾಂಟು ಕಾಲಿಗೆ ತೊಡರುತ್ತಿತ್ತು. ಹೊಟ್ಟೆಯ ಭಾಗಕ್ಕೆ ಹೆಣೆದ ಬಟ್ಟೆಯ ಅಗಲ ಪಟ್ಟಿ, ಟಾಪಿನ ಎರಡೂ ಪಕ್ಕದಲ್ಲಿ ತಿಂಗಳು ಕಳೆದಂತೆ ಸಡಿಲಿಸಬಹುದಾದ ಲಾಡಿ ಕೊಟ್ಟು ಮೊದಲ ಸೆಟ್ ಹೊಲಿದಿದ್ದೇನೆ. ನಾಳೆ ಅವರು ಬರುತ್ತಾರೆ. ಮಂಚದ ಪಕ್ಕ ನಿಂತು, ನಿಧಾನಕ್ಕೆ ಎಷ್ಟಾಗುತ್ತೋ ಅಷ್ಟು ಬಗ್ಗಿ ತೋರಿಸಿ ಅಂತ ಹೇಳಿದ್ದೇನೆ.