ಕೊನೆ ಮೊದಲೇ ಹೇಳಿ ಕಾದಂಬರಿ ಬರೆದ ನನ್ನ ಅನುಭವ

ಹೋದ ವರ್ಷ ನನ್ನ ಎರಡನೇ ಕಾದಂಬರಿ ಬಂತು. ಈ ಸಲ ಅಚ್ಚಿನ ಖರ್ಚು ಪ್ರಕಾಶಕರದು, ನನ್ನದಲ್ಲ. ಸಾವಿರ ಪ್ರತಿ ಹಾಕಿಸಿದ್ದರು, ಆರೇಳು ನೂರು ಆಗಲೇ ಖರ್ಚಾಗಿವೆ. ದಾವಣಗೆರೆ ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿಯ ಲೆಕ್ಕ ಬರೆಯುವ ಗುಮಾಸ್ತನಿಗೆ ಇದು ಸಣ್ಣ ಮಾತಲ್ಲ. "ಹಳೇ ಕಾದಂಬರಿ, ಹಟ್ಟಿ ಹಾಡು ಇಟ್ಕೊಂಡು ಬರೆಯೋದು ಕಲಿತರೆ ನಕಲು ಮಾಡೋನಾಗ್ತೀಯ" ಅಂದಿದ್ದ ಗೆಳೆಯರೇ ಈಗ ನನ್ನ ನೋಟ್‌ಬುಕ್ ಕೇಳುತ್ತಿದ್ದಾರೆ. ನೋಟ್‌ಬುಕ್ ಕೊಡಲ್ಲ. ಆ ಕಾದಂಬರಿ, ಆ ಹಾಡುಗಳಿಂದ ನಾನು ಬರೆಯೋದು ಕಲಿತದ್ದು ಹೇಗೆ ಅಂತ ಹೇಳುತ್ತೇನೆ.

ಮೊದಲು ದುಡ್ಡಿನ ಮಾತು. ಮೊದಲನೇ ಕಾದಂಬರಿಗೆ ಕೈಯಿಂದ ನಲವತ್ತೈದು ಸಾವಿರದ ಹತ್ತಿರ ಹಾಕಿದ್ದೆ. ಐನೂರು ಪ್ರತಿ. ಬಿಡುಗಡೆ ದಿನ ನೆಂಟರು, ಅಂಗಡಿ ಸಾವ್ಕಾರರು ಸೇರಿ ಎಪ್ಪತ್ತೋ ಎಂಬತ್ತೋ ಕೊಂಡರು. ಉಳಿದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಇವತ್ತಿಗೂ ಅಟ್ಟದ ಮೇಲಿವೆ. ಅದಕ್ಕೂ ಮುಂಚೆ ಎರಡು ದಿನದ ಕಮ್ಮಟಕ್ಕೆ ಮೂರು ಸಾವಿರ ಕೊಟ್ಟಿದ್ದೆ. ಊಟ ಚೆನ್ನಾಗಿತ್ತು. ಪಾತ್ರ ಅಂದರೇನು, ಸಂಘರ್ಷ ಅಂದರೇನು ಅಂತ ಬೋರ್ಡಿನ ಮೇಲೆ ಬರೆದರು. ಮನೆಗೆ ಬಂದು ಬರೆಯಲು ಕೂತರೆ ಮೊದಲ ವಾಕ್ಯವೇ ಹುಟ್ಟಲಿಲ್ಲ.

ಮೊದಲ ಕಾದಂಬರಿ ಹೀಗಾದ ಮೇಲೆ ಹಿಡಿದದ್ದು ತರಾಸು ಅವರ 'ದುರ್ಗಾಸ್ತಮಾನ', ಚಿತ್ರದುರ್ಗದ ಪಾಳೇಗಾರರ ಕಥೆಯ ಕಾದಂಬರಿ. ನಮ್ಮ ಕಡೆಯವರ ಮನೆಯಲ್ಲಿ ಅದು ಇರಲೇಬೇಕಲ್ವಾ. ಇದ್ದದ್ದರಲ್ಲಿ ಗೀಚಲು ಮನಸ್ಸಾಗದೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಇನ್ನೊಂದು ಹಳೇ ಪ್ರತಿ ತಂದೆ. ಎಲ್ಲರೂ ಹೇಳುವ ಹಾಗೆ ಮೊದಲು ಅಧ್ಯಾಯಗಳನ್ನು ಕೈಯಲ್ಲಿ ನಕಲು ಇಳಿಸಿದೆ. ಉದ್ದನೆ ನೋಟ್‌ಬುಕ್ ನಾಲ್ಕೈದು ತುಂಬಿದವು, ಬೆರಳು ನೋವು ಬಂತು. ಅದಾದ ಮೇಲೆ ಬರೆದ ನನ್ನ ಕಥೆಯಲ್ಲಿ ಎಪಿಎಂಸಿ ಹಮಾಲನೊಬ್ಬ ಪಾಳೇಗಾರನ ಹಾಗೆ ಮಾತಾಡತೊಡಗಿದ. ಬರೀ ನಕಲು ಇಳಿಸಿದರೆ ಭಾಷೆ ಅಂಟಿಕೊಳ್ಳುತ್ತೆ, ಕಟ್ಟಡ ಕಾಣಲ್ಲ.

ಕಟ್ಟಡ ಕಂಡದ್ದು ಬಣ್ಣದ ಪೆನ್ನಿನಿಂದ. ಮಾತಿಗೆ ನೀಲಿ, ನಡೆಯುವ ಕೆಲಸಕ್ಕೆ ಕೆಂಪು, ಮನಸ್ಸಿನೊಳಗಿನ ಯೋಚನೆಗೆ ಹಸಿರು. ಪುಟದ ಬದಿಯಲ್ಲಿ ಗೆರೆ ಎಳೆಯುತ್ತಾ ಹೋಗೋದು ಅಷ್ಟೇ. ಹೀಗೆ ಗೀಚುವಾಗ ಒಂದು ಮಾತು ತಲೆಗೆ ಹೊಕ್ಕಿತು. ಈ ಪುಸ್ತಕ ತನ್ನ ಕೊನೆಯನ್ನು ಹೆಸರಿನಲ್ಲೇ ಹೇಳಿಬಿಟ್ಟಿದೆ. ದುರ್ಗ ಬೀಳುತ್ತೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿದ ಅಂತ ನಮ್ಮಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ಆದರೂ ಓದಿಸಿಕೊಂಡು ಹೋಯಿತು, 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅಷ್ಟರಲ್ಲಿ ತರಾಸು ತೀರಿಕೊಂಡಿದ್ದರು, ಅದು ಬೇರೆ ಮಾತು. ನನ್ನ ಮೊದಲ ಕಾದಂಬರಿಯಲ್ಲಿ ಕೊಲೆ ಮಾಡಿದವನು ಯಾರು ಅಂತ ಕೊನೇ ಪುಟದವರೆಗೆ ಬಚ್ಚಿಟ್ಟಿದ್ದೆ. ಅಲ್ಲಿಯವರೆಗೆ ಓದಿದವರೇ ಇಲ್ಲ!

ಅದೇ ಕಣ್ಣಿನಿಂದ 'ಕೆರೆಗೆ ಹಾರ' ನೋಡಿದೆ, ಕೆರೆಗೆ ನೀರು ಬರಲೆಂದು ಸೊಸೆಯನ್ನು ಬಲಿ ಕೊಡುವ ಜನಪದ ಹಾಡು. ಅದೂ ಹೆಸರಿನಲ್ಲೇ ಎಲ್ಲ ಹೇಳುತ್ತೆ. ಭಾಗೀರತಿ ಸಾಯುತ್ತಾಳೆ ಅಂತ ಕೇಳುವವರಿಗೆಲ್ಲ ಗೊತ್ತು. ಆದರೆ ಅವಳು ತವರಿಗೆ ಹೋಗಿ ಅಪ್ಪ ಅವ್ವನ ಮುಂದೆ ಏನು ಹೇಳುತ್ತಾಳೆ? ಅತ್ತೆ ಮಾವ ಬೇರೆ ಇಡುತ್ತಾರಂತೆ ಅಂತ. ಸುಳ್ಳು. ಹೊಲ ಮನೆ ಕೊಡುತ್ತೇನೆ ಅಂತ ಅಪ್ಪ ಸಮಾಧಾನ ಮಾಡುತ್ತಾನೆ. ನಿಜ ಹೇಳುವುದು ಗೆಳತಿಯ ಮನೆಯಲ್ಲಿ ಮಾತ್ರ. ಪ್ರಶ್ನೆ ಅದೇ, ಮಾತಿನ ಧಾಟಿ ಅದೇ, ಉತ್ತರದಲ್ಲಿ ಒಂದೆರಡು ಪದ ಮಾತ್ರ ಬದಲು. ಅಲ್ಲಿ ಕರುಳು ಕಿತ್ತು ಬರುತ್ತೆ. ಆಮೇಲೆ ಕೆರೆಯಲ್ಲಿ ಮರೆತು ಬಂದ ಬಂಗಾರದ ಬಟ್ಟಲು, ಅದನ್ನು ತರಲು ಅವಳೇ ಹೋಗುತ್ತಾಳೆ. ಯಾವ ಕಮ್ಮಟದಲ್ಲೂ ನನಗೆ ಇದನ್ನು ಹೇಳಿಕೊಡಲಿಲ್ಲ. ಶಾಲೆಯಲ್ಲಿ ಪಾಠವಾಗಿ ಓದಿದಾಗ ಸಂದರ್ಭ ಸಹಿತ ವಿವರಿಸಿ ಅಂದರು, ಅಷ್ಟೇ.

ಇದನ್ನೇ ಹಿಡಿದು ಎರಡನೇ ಕಾದಂಬರಿ ಕಟ್ಟಿದೆ. ಮಲೇಬೆನ್ನೂರು ಕಡೆ ಭದ್ರಾ ನಾಲೆಯ ಕೊನೆಭಾಗ. ನೀರು ಬಾರದ ರೈತನೊಬ್ಬ ರಾತ್ರಿ ತೂಬು ಎತ್ತಲು ಹೋಗಿ ಹೆಣವಾಗುತ್ತಾನೆ. ಇದು ಮೊದಲ ಪುಟದಲ್ಲೇ ಇದೆ. ಅವನ ಹೆಂಡತಿ ಸಾಲ ಕೇಳಿಕೊಂಡು ಮೂರು ಮನೆಗೆ ಹೋಗುತ್ತಾಳೆ. ಎರಡು ಕಡೆ ಮಗಳ ಸೀಮಂತ ಅನ್ನುತ್ತಾಳೆ. ಮೂರನೇ ಮನೆ ನಾಲೆ ನೀರು ಬಿಡುವ ನೀರುಗಂಟಿಯದು, ಅಲ್ಲಿ ನಿಜ ಹೇಳುತ್ತಾಳೆ. ಮೂರು ಮನೆಯ ಮಾತನ್ನೂ ಬೇಕೆಂದೇ ಒಂದೇ ಅಚ್ಚಿನಲ್ಲಿ ಬರೆದೆ. ಕರಡು ತಿದ್ದುವವರು "ಇದು ಮತ್ತೆ ಮತ್ತೆ ಬಂದಿದೆ, ತೆಗೀರಿ" ಅಂತ ಗುರುತು ಹಾಕಿದ್ದರು. ತೆಗೆಯಲಿಲ್ಲ. ಈಗ ಓದಿದವರೆಲ್ಲ ಹೇಳುವುದು ಆ ಮೂರು ಮನೆಯ ಬಗ್ಗೆಯೇ.

ಹಟ್ಟಿಗಳ ಕಡೆಯ ಓಡಾಟದ ಕಥೆ ಬೇರೆ. ಚಳ್ಳಕೆರೆ, ಹಿರಿಯೂರು ಕಡೆಯ ಗೊಲ್ಲರಹಟ್ಟಿಗಳಿಗೆ, ಅಂದರೆ ಕಾಡುಗೊಲ್ಲರ ಊರುಗಳಿಗೆ, ಹಾಡು ಕಥೆ ಕೇಳಲು ಭಾನುವಾರ ಭಾನುವಾರ ಬೈಕಿನಲ್ಲಿ ಹೋದೆ. ಒಂದು ಸಲಕ್ಕೆ ಪೆಟ್ರೋಲು, ಎಲೆ ಅಡಿಕೆ, ಅಜ್ಜಿಯರಿಗೆ ಹಣ್ಣು ಅಂತ ಐನೂರು ಮೇಲೇ ಆಗುತ್ತಿತ್ತು. ಓದು ಬರಹ ಬಾರದ, ಹೆಸರಾಂತ ಜನಪದ ಹಾಡುಗಾರ್ತಿ ಸಿರಿಯಜ್ಜಿ ಹಾಡಿದ ಸೀಮೆ ಅದು, ಹೋದ ಕೂಡಲೇ ನಿಧಿ ಸಿಗುತ್ತೆ ಅಂದುಕೊಂಡಿದ್ದೆ. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಮೊಬೈಲು ಮುಂದೆ ಇಟ್ಟರೆ ಅಜ್ಜಿಯರು ಸೆರಗು ಸರಿ ಮಾಡಿಕೊಂಡು ರೇಡಿಯೋದವರ ಹಾಗೆ ಗಟ್ಟಿಯಾಗಿ, ಬೇಗ ಬೇಗ ಹಾಡಿ ಮುಗಿಸುತ್ತಿದ್ದರು. ಸೊಪ್ಪು ಸೋಸುವಾಗಲೋ ಕಡ್ಲೇಕಾಯಿ ಬಿಡಿಸುವಾಗಲೋ ಜೊತೆಗೆ ಕೂತು ನಾನೂ ಕೈ ಹಾಕಿದೆ ನೋಡಿ, ಆಗ ಕಥೆ ತಾನಾಗಿ ಬಂತು.

ರೆಕಾರ್ಡು ಮಾಡಿದ್ದನ್ನು ಅಕ್ಷರಕ್ಕಿಳಿಸಿದರೆ ಇನ್ನೊಂದು ಕಾಟ. ಅಜ್ಜಿ ಹೇಳಿದಾಗ ಮೈ ಜುಮ್ಮೆಂದದ್ದು ಕಾಗದದ ಮೇಲೆ ಸತ್ತು ಬೀಳುತ್ತಿತ್ತು. ಮೊಬೈಲಿನ ಧ್ವನಿ ಟೈಪಿಂಗ್ ಹಚ್ಚಿದೆ, ಹಟ್ಟಿ ಮಾತು ಅದಕ್ಕೆ ಸುತರಾಂ ತಿಳಿಯಲಿಲ್ಲ. ಮಾತಾಡಿದ ಹಾಗೇ ಕಾಗುಣಿತ ಮುರಿದು ಬರೆದೆ, ನನಗೇ ಓದಲು ಆಗಲಿಲ್ಲ. ಕಡೆಗೆ ಉಳಿದದ್ದು ಇಷ್ಟು: ಪದ ಬಿಟ್ಟು, ಉಸಿರು ತೆಗೆದುಕೊಂಡ ಜಾಗಗಳನ್ನು ಮಾತ್ರ ಗುರುತು ಮಾಡೋದು. ಎಲ್ಲಿ ನಿಂತರು, ಎಲ್ಲಿ "ಹೂಂ" ಕೇಳಿದರು, ಎಲ್ಲಿ ಒಂದೇ ಸಾಲು ಎರಡು ಸಲ ಹೇಳಿದರು. ವಾಕ್ಯ ಎಲ್ಲಿ ಮುರಿಯಬೇಕು ಅನ್ನೋದು ನನಗೆ ಹತ್ತಿದ್ದು ಇದರಿಂದ. ಗೊಲ್ಲರ ದೈವ ಜುಂಜಪ್ಪನ ಪದ ಹಾಡುವವರು ನಡುವೆ ಗಣೆ ಊದುತ್ತಾರಲ್ಲ, ಆ ಉದ್ದ ಬಿದಿರ ಕೊಳಲು, ಅದು ಎಲ್ಲಿ ಬರುತ್ತೆ ಅಂತಲೂ ಬರೆದಿಟ್ಟೆ. ನನ್ನ ಅಧ್ಯಾಯಗಳು ಮುಗಿಯುವ ರೀತಿ ಅಲ್ಲಿಂದ ಬಂದದ್ದು. ವರ್ಷಗಟ್ಟಲೆ ಕಾಲವನ್ನು ಎರಡೇ ಸಾಲಿನಲ್ಲಿ ದಾಟಿಸುವ ಒಂದು ವಿದ್ಯೆಯೂ ಅವರಲ್ಲಿದೆ. ಅದನ್ನು ಇಲ್ಲಿ ಹೇಳಲ್ಲ, ಮೂರನೇ ಕಾದಂಬರಿಗೆ ಬೇಕು. ಗೊತ್ತಿದ್ದವರು ಹಾಡು ಕೇಳಿ ಹಿಡಿದುಕೊಳ್ಳಲಿ.

ಸುಮ್ನೆ ಮಾಡಿದ ಪ್ರಯೋಗ ಒಂದಿದೆ. ಮೆಕ್ಕೆಜೋಳದ ಸೀಸನ್ನಿನಲ್ಲಿ ಟೆಂಡರ್ ಮುಗಿದ ಮೇಲೆ ಹಮಾಲರು ಚೀಲದ ಮೇಲೆ ಕೂತು ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಾರೆ. ಬರೆದ ಅಧ್ಯಾಯವನ್ನು ಓದದೆ, ಬಾಯಲ್ಲಿ ಕಥೆಯಾಗಿ ಹೇಳುತ್ತಿದ್ದೆ. ಯಾರಾದರೂ ಬೀಡಿ ಹಚ್ಚಿದರೆ, ಮೊಬೈಲು ತೆಗೆದರೆ ಅಲ್ಲಿಗೆ ಮನಸ್ಸಿನಲ್ಲೇ ಒಂದು ಗೆರೆ. ರಾತ್ರಿ ಹೋಗಿ ಆ ಭಾಗ ಕತ್ತರಿ. ಸುಮಾರು ಮುನ್ನೂರು ಪುಟದ ಕರಡು ನೂರಾ ತೊಂಬತ್ತರ ಆಸುಪಾಸಿಗೆ ಇಳಿದದ್ದು ಹೀಗೆ. ಮಂಡಕ್ಕಿ ಖರ್ಚು ನನ್ನದೇ, ಅದನ್ನು ಲೆಕ್ಕ ಇಟ್ಟಿಲ್ಲ. ಒಂದು ದಿನ ಅವರಲ್ಲೊಬ್ಬ ಹಿರಿಯ, "ಅಣ್ಣಾ, ಅವ್ನು ಸಾಯೋದು ಗೊತ್ತಾತು. ಅವ್ನ ಕೈ ಬಿಟ್ಟೋರು ಯಾರು, ಅದನ್ ಹೇಳು" ಅಂದ. ಅವತ್ತೇ ನಾಲ್ಕನೇ ಅಧ್ಯಾಯ ಪೂರ್ತಿ ಹರಿದು, ನೀರುಗಂಟಿಯ ಕಡೆಯಿಂದ ಬರೆದೆ.

ಹಮಾಲರ ಮುಂದೆ ನಡೆದದ್ದು ಸಾಹಿತಿ ಗೆಳೆಯರ ಮುಂದೆ ನಡೆಯಲಿಲ್ಲ, ಅದನ್ನೂ ಹೇಳಬೇಕು. ಅವರು ಬೇಜಾರಾದರೂ ಬೀಡಿ ಹಚ್ಚಲ್ಲ, ತಲೆ ಆಡಿಸುತ್ತಾರೆ. ನಗರದ ಕಥೆಗೆ ಈ ಕ್ರಮ ಒಗ್ಗುತ್ತಾ ಅಂತ ಒಂದು ಬ್ಯಾಂಕಿನ ಕಥೆ ಬರೆದು ನೋಡಿದೆ. ಕೊನೆ ಮೊದಲೇ ಹೇಳೋದು ಅಲ್ಲಿಯೂ ನಡೆಯಿತು. ಮಾತು ಮರುಕಳಿಸೋದು ಮಾತ್ರ ಯಾಕೋ ನಾಟಕದ ಹಾಗೆ ಕೇಳಿತು, ಅಪಾರ್ಟ್‌ಮೆಂಟಿನವರು ಹಾಗೆ ಮನೆಮನೆಗೆ ಹೋಗಿ ಕೇಳಲ್ಲವಲ್ಲ. ಆ ಕಥೆ ವಾಟ್ಸಾಪಿನ ಸಂದೇಶಗಳ ರೂಪದಲ್ಲಿ ಮತ್ತೆ ಬರೆಯುತ್ತಿದ್ದೇನೆ.

ರಾಯಲ್ಟಿ ಹತ್ತು ಪರ್ಸೆಂಟು, ಇಲ್ಲಿಯವರೆಗೆ ಹನ್ನೆರಡು ಸಾವಿರದ ಹತ್ತಿರ ಬಂದಿದೆ. ಮೊದಲ ಪುಸ್ತಕದ ಸಾಲ ಇನ್ನೂ ಪೂರಾ ತೀರಿಲ್ಲ. ಅಟ್ಟದ ಮೇಲಿನ ಪ್ರತಿಗಳು ಬೇಕಾದರೆ ಅರ್ಧ ಬೆಲೆಗೆ ಕೊಡುತ್ತೇನೆ, ಕೊಲೆ ಮಾಡಿದವನು ಯಾರು ಅಂತ ನಾನೇ ಮೊದಲು ಹೇಳಿ.