ವೈಟ್‌ಫೀಲ್ಡ್ ಕಡೆ ಬಾಡಿಗೆ ಮನೆ ನೋಡುತ್ತಿದ್ದೀರಾ?

ಮೊದಲು ನೀರು ವಿಚಾರಿಸಿ, ಆಮೇಲೆ ಬಾಡಿಗೆ. 2024ರ ಬೇಸಿಗೆಯಲ್ಲಿ ಈ ಕಡೆ ಎಷ್ಟೋ ಬೋರ್‌ವೆಲ್ ಬತ್ತಿದವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತ ಶುರುವಾಯಿತು ನಿಜ. ಆದರೆ ಬೀದಿಗೆ ಪೈಪ್ ಬಂದರೆ ಕಟ್ಟಡಕ್ಕೂ ಕನೆಕ್ಷನ್ ಇದೆ ಅಂತಲ್ಲ. ಓನರ್ ಹತ್ತಿರ ನೀರಿನ ಬಿಲ್ ಕೇಳಿ.

ಬ್ರೋಕರ್ ಮಾತು ಸಾಲದು. ಬೀದಿ ಕೊನೆಯ ಇಸ್ತ್ರಿ ಅಂಗಡಿಯವರನ್ನು ಮಾತಾಡಿಸಿ. ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲ ಗೊತ್ತಿರುತ್ತದೆ ಅವರಿಗೆ. ನಾವು ಕೇಳಿದಾಗ ಒಬ್ಬರು ಸುಮ್ನೆ ಎದುರಿನ ಗೋಡೆ ತೋರಿಸಿದರು. ಮೊಣಕಾಲಿನ ಎತ್ತರಕ್ಕೆ ಕೆಸರಿನ ಗೆರೆ! ಆ ಮನೆ ಬಿಟ್ಟೆವು.

ಭಾನುವಾರ ಮಾತ್ರ ನೋಡಬೇಡಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಮನೆಯಿಂದ ಮೆಟ್ರೋ ಸ್ಟೇಷನ್‌ವರೆಗೆ ಒಮ್ಮೆ ನಡೆದು ನೋಡಿ. ಮಕ್ಕಳಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.