ಇಇಎ1 ಪೊರೆಯ ಹಿಡಿತ ಬಿಟ್ಟಿದ್ದನ್ನು ನಾನು ನೋಡಿದ್ದು

ನಮ್ಮ ಜೀವಕೋಶ ಹೊರಗಿನಿಂದ ಏನಾದರೂ ಒಳಗೆಳೆದುಕೊಂಡರೆ ಅದು ಪುಟ್ಟ ಪೊರೆಚೀಲದಲ್ಲಿ ಬರುತ್ತದೆ. ಆ ಚೀಲ, ಒಳಬಂದದ್ದನ್ನು ವಿಂಗಡಿಸುವ ಎಂಡೋಸೋಮ್ ಎಂಬ ದೊಡ್ಡ ಚೀಲದ ಜೊತೆ ಸೇರಿಕೊಳ್ಳಬೇಕು. ಸೇರುವ ಮೊದಲು ದೂರದಿಂದಲೇ ಅದನ್ನು ಹಿಡಿದುಕೊಳ್ಳುವ ಪ್ರೋಟೀನ್ ಇಇಎ1. ಉದ್ದ ಸುಮಾರು 200 ನ್ಯಾನೋಮೀಟರ್, ಪ್ರೋಟೀನ್‌ಗಳ ಲೆಕ್ಕದಲ್ಲಿ ಭಾರಿ ಉದ್ದ. ಒಂದು ತುದಿ ಚೀಲದ ಮೇಲಿನ ರಾಬ್5 ಅನ್ನೋ ಪ್ರೋಟೀನನ್ನು ಹಿಡಿಯುತ್ತದೆ. ಇನ್ನೊಂದು ತುದಿ ಎಂಡೋಸೋಮ್ ಪೊರೆಯಲ್ಲಿರುವ ಪಿಐ3ಪಿ ಎಂಬ ಕೊಬ್ಬಿನ ಅಣುವನ್ನು ಹಿಡಿಯುತ್ತದೆ.

ಪಿಐ3ಪಿ ಇಲ್ಲದೆ ಹೋದರೆ ಈ ಹಗ್ಗ ಕಳಚಿಕೊಳ್ಳುತ್ತದೆ ಅಂತ 1990ರ ದಶಕದಲ್ಲೇ ಗೊತ್ತಾಗಿತ್ತು. ಆದರೂ ನನಗೆ ಅದನ್ನು ಕಣ್ಣಾರೆ ನೋಡಬೇಕಿತ್ತು. ಪಿಐ3ಪಿ ತಯಾರಾಗದಂತೆ ತಡೆಯಲು ವರ್ಟ್‌ಮ್ಯಾನಿನ್ ಎಂಬ ರಾಸಾಯನಿಕ ಇದೆ. ಕವರ್‌ಸ್ಲಿಪ್ ಎಂಬ ತೆಳು ಗಾಜಿನ ಮೇಲೆ, ಲ್ಯಾಬ್‌ಗಳಲ್ಲಿ ಬಳಸುವ ಹೀಲಾ ಎಂಬ ಮನುಷ್ಯ ಕೋಶಗಳನ್ನು ಬೆಳೆಸಿದೆ. ತೀರಾ ಒತ್ತೊತ್ತಾಗಿ ಬೆಳೆದರೆ ಮೈಕ್ರೋಸ್ಕೋಪ್‌ನಲ್ಲಿ ಕಾಣುವ ಇಇಎ1ನ ಯಾವ ಚುಕ್ಕೆ ಯಾವ ಕೋಶದ್ದು ಅಂತ ತಿಳಿಯಲ್ಲ, ಅದಕ್ಕೇ ಅರ್ಧ ಜಾಗ ತುಂಬಿದಾಗಲೇ ಶುರು ಮಾಡಿದೆ. ಒಂದಕ್ಕೆ 100 ನ್ಯಾನೋಮೋಲಾರ್ ವರ್ಟ್‌ಮ್ಯಾನಿನ್, ಇನ್ನೊಂದಕ್ಕೆ ಬರೀ ಡಿಎಂಎಸ್‌ಒ, ಅಂದರೆ ಅದನ್ನು ಕರಗಿಸುವ ದ್ರವ. ಅರ್ಧ ಗಂಟೆ ಆದಮೇಲೆ 4% ಪ್ಯಾರಾಫಾರ್ಮಾಲ್ಡಿಹೈಡ್ ಹಾಕಿ ಫಿಕ್ಸ್ ಮಾಡಿದೆ, ಅಂದರೆ ಕೋಶಗಳನ್ನು ಇದ್ದ ಹಾಗೇ ಹಿಡಿದಿಟ್ಟೆ.

ಇಇಎ1 ಅನ್ನು ಹಿಡಿಯಲು ಒಂದು ಆಂಟಿಬಾಡಿ, ಅದಕ್ಕೆ ಅಂಟಿ ಹಸಿರಾಗಿ ಹೊಳೆಯಲು ಇನ್ನೊಂದು. ಅವು ಕೋಶದ ಒಳಗೆ ಹೋಗಲು, ಪೊರೆಯಲ್ಲಿ ತೂತು ಮಾಡುವ ಸಪೋನಿನ್ ಬಳಸಿದೆ. ಇದನ್ನು ತೊಳೆದುಬಿಟ್ಟರೆ ಪೊರೆಯ ತೂತುಗಳು ಮತ್ತೆ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಬ್ಲಾಕಿಂಗ್, ಎರಡೂ ಆಂಟಿಬಾಡಿ, ನಡುವಿನ ತೊಳೆತ, ಎಲ್ಲದರಲ್ಲೂ 0.1% ಇರಲೇಬೇಕು.

ಮೊದಲ ಎರಡು ಸಲ ಎರಡೂ ಸ್ಲೈಡ್ ಒಂದೇ ಥರ ಕಂಡವು. ಆಂಟಿಬಾಡಿ ಸರಿಯಿಲ್ಲವೇನೋ ಅಂದುಕೊಂಡು ಎರಡು ವಾರ ಅದರ ಹಿಂದೆಯೇ ಬಿದ್ದೆ. ತಪ್ಪು ನನ್ನದೇ ಆಗಿತ್ತು. ಬೆಳಿಗ್ಗೆಯೇ ಮೀಡಿಯಂಗೆ ವರ್ಟ್‌ಮ್ಯಾನಿನ್ ಬೆರೆಸಿಟ್ಟು, ಮಧ್ಯಾಹ್ನ ಕೋಶಗಳಿಗೆ ಹಾಕುತ್ತಿದ್ದೆ. ನೀರಿನಲ್ಲಿ ಅದು ಬೇಗ ಹಾಳಾಗುತ್ತದೆ. ಈಗ ಡಿಎಂಎಸ್‌ಒನಲ್ಲಿ ಕರಗಿಸಿ, ಚಿಕ್ಕ ಚಿಕ್ಕ ಟ್ಯೂಬ್‌ಗಳಿಗೆ ಹಂಚಿ, ಮೈನಸ್ 20ರಲ್ಲಿ ಇಡುತ್ತೇನೆ. ಪ್ರತಿ ಸಲ ಒಂದೇ ಟ್ಯೂಬ್ ತೆಗೆದು, ಹಾಕುವ ಹೊತ್ತಿಗೇ ಬೆರೆಸುತ್ತೇನೆ.

ಮೂರನೇ ಸಲ ಕಾನ್‌ಫೋಕಲ್ ಮೈಕ್ರೋಸ್ಕೋಪ್ ಮುಂದೆ ಕೂತೆ. ಡಿಎಂಎಸ್‌ಒ ಸ್ಲೈಡ್‌ನಲ್ಲಿ ಕೋಶದ ತುಂಬ ಹಸಿರು ಚುಕ್ಕೆಗಳು, ರಾಗಿ ಕಾಳು ಚೆಲ್ಲಿದ ಹಾಗೆ. ವರ್ಟ್‌ಮ್ಯಾನಿನ್ ಸ್ಲೈಡ್ ಇಟ್ಟೆ. ಚುಕ್ಕೆಗಳೇ ಇಲ್ಲ! ಕೋಶದ ಉದ್ದಗಲಕ್ಕೂ ತೆಳು ಮಂಜಿನಂಥ ಹಸಿರು. ಗೇನ್, ಅಂದರೆ ಚಿತ್ರದ ಹೊಳಪು, ಸ್ವಲ್ಪ ಏರಿಸೋಣ ಅಂತ ಕೈ ಹೋಯಿತು, ತಡೆದೆ. ಎರಡು ಸ್ಲೈಡ್‌ಗೂ ಲೇಸರ್, ಗೇನ್ ಒಂದೇ ಇರದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ ಅಲ್ವಾ? ಆಮೇಲೆ ಪ್ರೋಟೀನ್ ಎಷ್ಟಿದೆ ಅಂತ ನೋಡಲು ವೆಸ್ಟರ್ನ್ ಬ್ಲಾಟ್ ಮಾಡಿದೆ. ಎರಡರಲ್ಲೂ ಇಇಎ1 ಬ್ಯಾಂಡ್ ಅಷ್ಟೇ ದಪ್ಪ ಇತ್ತು. ಪ್ರೋಟೀನ್ ನಾಶವಾಗಿರಲಿಲ್ಲ, ಪೊರೆಯನ್ನು ಬಿಟ್ಟು ಕೋಶರಸಕ್ಕೆ ಬಂದಿತ್ತು.

ರಾಬ್5 ಹಿಡಿಯುವ ತುದಿಯ ಕಥೆ ನನಗೆ ಇನ್ನೂ ಇಷ್ಟ. 2016ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಮರಿನೋ ಝೆರಿಯಲ್ ತಂಡ ತೋರಿಸಿದ್ದು ಇದನ್ನೇ. ರಾಬ್5 ತಾಗಿದ ಕೂಡಲೇ, ಕೋಲಿನಂತೆ ಬಿಗಿಯಾಗಿದ್ದ ಇಇಎ1 ಸಡಿಲವಾಗಿ ಮುದುಡುತ್ತದೆ. ತುದಿಗಳು ಹತ್ತಿರವಾಗುತ್ತವೆ, ಚೀಲವೂ ಜೊತೆಗೇ ಬರುತ್ತದೆ.

ಅದನ್ನು ಓದಿದ ಮೇಲೆ, ಸದಾ ಚಾಲೂ ಇರುವಂತೆ ಬದಲಿಸಿದ ರಾಬ್5, ಕ್ಯೂ79ಎಲ್ ಎಂಬ ಮ್ಯುಟೆಂಟ್ ಅನ್ನು ಕೋಶಗಳಿಗೆ ಸೇರಿಸಿದೆ. ಎಂಡೋಸೋಮ್‌ಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ ಉಬ್ಬಿದವು. ಚುಕ್ಕೆಗಳ ಜಾಗದಲ್ಲಿ ಬಳೆಗಳು. ಬಳೆಯ ಅಂಚಿನುದ್ದಕ್ಕೂ ಇಇಎ1ನ ಹಸಿರು. ನಡುವೆ ಪೂರಾ ಕತ್ತಲು.